ಯಾರೂ ಕಾಣದ ಪ್ರಾಣಿಯ ಗೊಂಬೆ

ಮಗನಿಗೆ ಎಂಟು ವರ್ಷ ತುಂಬಿತು. ಡೈನೋಸಾರಿನ ಗೊಂಬೆಯೊಂದು ಬೇಕೆಂದು ಅವನು ಬಹುದಿನಗಳಿಂದ ಕೇಳುತ್ತಿದ್ದ. ಆನೆಯ ಗೊಂಬೆಯನ್ನೋ ಕುದುರೆಯ ಗೊಂಬೆಯನ್ನೋ ಆರಿಸುವುದು ಕಷ್ಟವಲ್ಲ. ಕಣ್ಣು ಕಂಡದ್ದರೊಡನೆ ಹೋಲಿಸಿದರಾಯಿತು. ಇದನ್ನು ಯಾವುದರೊಡನೆ ಹೋಲಿಸುವುದು? ಅಂಗಡಿಯಾತ ಎರಡು ಟಿರಾನೋಸಾರಸ್ಸುಗಳನ್ನು ಮುಂದಿಟ್ಟ. ಒಂದು ಅಗ್ಗದ್ದು: ಹಚ್ಚಹಸುರು ಮೈ, ಮನುಷ್ಯನ ಹಾಗೆ ನೆಟ್ಟಗಿನ ನಿಲುವು, ನೆಲಕ್ಕೆ ಊರಿದ ಬಾಲ, ಕೈಗೆ ಮೂರು ಬೆರಳು. ಇನ್ನೊಂದು ಅದರ ನಾಲ್ಕರಷ್ಟು ಬೆಲೆಯದು. ಅದು ಮೈಯನ್ನು ನೆಲಕ್ಕೆ ಸಮವಾಗಿ ಚಾಚಿ, ಬಾಲವನ್ನು ಹಿಂದಕ್ಕೆ ತಕ್ಕಡಿಯ ದಂಡಿಗೆಯಂತೆ ಎತ್ತಿಕೊಂಡಿತ್ತು; ಬೆರಳು ಎರಡೇ. “ಇದು ಒರಿಜಿನಲ್ ಸಾರ್, ನಿಜವಾದದ್ದು ಹೀಗೇ ಇತ್ತು” ಎಂದ. ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಅಳಿದುಹೋದ ಪ್ರಾಣಿಯ ವಿಚಾರದಲ್ಲಿ, ನೆರೆಮನೆಯ ಹಸುವಿನ ಬಗ್ಗೆ ಮಾತಾಡುವವನ ನಿಶ್ಚಯ! ನಾನು ದುಬಾರಿಯದನ್ನೇ ಕೊಂಡೆ. ಅಂಗಡಿಯವನ ಮಾತನ್ನೂ ಜೊತೆಗೇ ಮನೆಗೆ ತಂದೆ. ಮಗ ಗೊಂಬೆಯನ್ನು ತಿರುಗಿಸಿ ನೋಡಿ, “ಹೀಗೇ ಇತ್ತು ಅಂತ ನೋಡಿದವರು ಯಾರು?” ಎಂದು ಕೇಳಿದ.

ನಾನು ಕನ್ನಡದ ಮೇಷ್ಟರು. ಮೂಳೆಯ ಶಾಸ್ತ್ರ ನನ್ನದಲ್ಲ. ಆದರೆ ಒಂದು ಮಾತು ನೆನಪಾಯಿತು. ನಮ್ಮ ಆಡುನುಡಿಯಲ್ಲಿ ‘ಅನುಮಾನ’ವೆಂದರೆ ಸಂಶಯ. ತರ್ಕಶಾಸ್ತ್ರದಲ್ಲಿ ಅದೇ ಶಬ್ದಕ್ಕೆ ಜ್ಞಾನಕ್ಕೆ ಒಯ್ಯುವ ದಾರಿಯೆಂದು ಅರ್ಥ: ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಅಲ್ಲಿ ಸಂಶಯವಿದ್ದವನು ಬೆಟ್ಟ ಹತ್ತಿ ನೋಡಿ ಬರಬಹುದು. ಇಲ್ಲಿ ಹತ್ತಲು ಬೆಟ್ಟವೇ ಇಲ್ಲ. ಗೊಂಬೆಯೊಳಗೆ ಆ ಶಬ್ದದ ಎರಡು ಅರ್ಥಗಳೂ ಒಟ್ಟಿಗೆ ಕುಳಿತಿವೆ.

ಇಗ್ವಾನೊಡಾನ್ ಎಂಬ ಸಸ್ಯಾಹಾರಿಯ ಕಥೆ ಕೇಳಿ. ೧೮೫೪ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮಿನ ಉದ್ಯಾನದಲ್ಲಿ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಅದನ್ನು ಆಳೆತ್ತರಕ್ಕೂ ಮೀರಿ ಕಟ್ಟಿ ನಿಲ್ಲಿಸಿದ. ಘೇಂಡಾಮೃಗದಂಥ ನಾಲ್ಕು ದಪ್ಪ ಕಾಲು, ಮೂಗಿನ ಮೇಲೊಂದು ಕೊಂಬು. ಆಗಿನ ಪಂಡಿತರ ಸಲಹೆ ಪಡೆದೇ ಮಾಡಿದ್ದು. ೧೮೭೮ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ ಇಡೀ ಅಸ್ಥಿಪಂಜರಗಳು ಸಿಕ್ಕವು. ಮೂಗಿನ ಕೊಂಬು ಕೊಂಬಲ್ಲ, ಕೈಯ ಹೆಬ್ಬೆರಳು! ಇದನ್ನು ತಿದ್ದಿದ ಲೂಯಿ ಡೋಲೋ ದೊಡ್ಡ ವಿದ್ವಾಂಸ. ಆದರೆ ಅವನೂ ಪ್ರಾಣಿಯನ್ನು ಕಾಂಗರೂವಿನಂತೆ ಬಾಲದ ಮೇಲೆ ಕೂರಿಸಿಬಿಟ್ಟ. ಆ ಬಾಲ ಗಟ್ಟಿಯಾದ ಸ್ನಾಯುರಜ್ಜುಗಳಿಂದ ಬಿಗಿದದ್ದು. ಹಾಗೆ ಬಾಗಬೇಕಾದರೆ ಮುರಿಯಬೇಕಾಗಿತ್ತು. ತಿದ್ದುಪಡಿಗೂ ತಿದ್ದುಪಡಿ ಬೇಕಾಯಿತು. ಹಾಕಿನ್ಸನ ಇಗ್ವಾನೊಡಾನ್ ಈಗಲೂ ಅಲ್ಲೇ ಇದೆ, ಮೂಗಿನ ಮೇಲೆ ಹೆಬ್ಬೆರಳನ್ನು ಹೊತ್ತುಕೊಂಡು. ಅದನ್ನು ಸುಳ್ಳೆನ್ನಲು ನನಗೆ ಮನಸ್ಸು ಬಾರದು.

ಹಾಗಾದರೆ ಎಲ್ಲವೂ ಊಹೆಯೇ, ಅಗ್ಗದ ಹಸುರು ಗೊಂಬೆಯೇ ಸಾಕಾಗಿತ್ತು ಎಂದು ನನ್ನ ಮಡದಿ ವಾದಿಸಿದಳು. ಬೆಲೆಯ ಮಟ್ಟಿಗೆ ಅವಳದೇ ಸರಿ. ನಮ್ಮ ಕಾಲೇಜುಗಳ ಗೋಡೆಯ ಮೇಲೆ ಪಂಪನ ಚಿತ್ರ ತೂಗುಹಾಕುತ್ತೇವಲ್ಲ, ಆ ಮುಖ ಚಿತ್ರಕಾರನ ಕಲ್ಪನೆ, ಯಾರೂ ಬೇಸರಪಟ್ಟಿಲ್ಲ. ಆದರೆ ಪಂಪನ ಮುಖಕ್ಕೆ ಸಾಕ್ಷಿಯೇ ಇಲ್ಲ, ಟಿರಾನೋಸಾರಸ್ಸಿನ ಕೈಗೆ ಸಾಕ್ಷಿಯಿದೆ. ಹಾಕಿನ್ಸ್ ತನಗೆ ಸಿಕ್ಕ ಮೂಳೆಗಳನ್ನೆಲ್ಲ ನೋಡಿ ತಪ್ಪಿದ. ಮೂರು ಬೆರಳಿಟ್ಟವನು ನೋಡದೆಯೇ ತಪ್ಪಿದ. ಈ ಎರಡು ತಪ್ಪುಗಳಿಗೆ ಒಂದೇ ಹೆಸರು ಕೊಡುವುದು ನ್ಯಾಯವಲ್ಲ. ಬಾಲ ಊರಿದ ವಿಚಾರದಲ್ಲಿ ಮಾತ್ರ ಗೊಂಬೆಯವನ ಮೇಲೆ ನನಗೆ ಕನಿಕರವಿದೆ. ಎರಡು ಕಾಲಿನ ಗೊಂಬೆ ಮೇಜಿನ ಮೇಲೆ ಬೀಳದೆ ನಿಲ್ಲಬೇಕು. ಬಾಲವನ್ನು ಮೂರನೆಯ ಕಾಲು ಮಾಡಬೇಕು, ಇಲ್ಲವೇ ಪಾದ ಹಿಗ್ಗಿಸಬೇಕು. ನನ್ನ ದುಬಾರಿ ಗೊಂಬೆಯ ಪಾದಗಳನ್ನು ಆಮೇಲೆ ನೋಡಿದೆ: ಬಾತುಕೋಳಿಯ ಪಾದಗಳು. ನಿಜವನ್ನು ನಿಲ್ಲಿಸುವುದಕ್ಕೂ ಒಂದಿಷ್ಟು ಸುಳ್ಳನ್ನು ಅಡಿಯಲ್ಲಿ ಇಟ್ಟಿದ್ದರು.

ತಪ್ಪಿದ್ದು ಗೊಂಬೆಯಲ್ಲಲ್ಲ, ನನ್ನ ‘ಹೀಗೇ ಇತ್ತು’ ಎಂಬ ಮಾತಿನಲ್ಲಿ. ಸಂಜೆ ಮಗನನ್ನು ಕೂರಿಸಿಕೊಂಡು ಮತ್ತೆ ಹೇಳಿದೆ: ಹಲ್ಲು, ಬೆರಳು, ಬೆನ್ನೆಲುಬು, ಇವು ಮೂಳೆಯಿಂದ ತಿಳಿದವು. ನಿಲುವು ಮೂಳೆಗಳ ಕೀಲಿನಿಂದ ಊಹಿಸಿದ್ದು, ಒಳ್ಳೆಯ ಊಹೆ. ಬಣ್ಣ ಮಾತ್ರ ಯಾರಿಗೂ ತಿಳಿಯದು. ಚೀನಾದಲ್ಲಿ ೧೯೯೬ರಲ್ಲಿ ಬೆಳಕಿಗೆ ಬಂದ ಸೈನೋಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರಿನ ಮೈಯಲ್ಲಿ ಗರಿಯಂಥ ಎಳೆಗಳಿದ್ದವು. ಅವುಗಳಲ್ಲಿ ಉಳಿದ ವರ್ಣಕಣಗಳಿಂದ ಅದರ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವೆಂದು ೨೦೧೦ರಲ್ಲಿ ತೋರಿಸಿಕೊಟ್ಟರು. ನಮ್ಮ ಟಿರಾನೋಸಾರಸ್ಸಿಗೆ ಆ ಅದೃಷ್ಟ ಇನ್ನೂ ಬಂದಿಲ್ಲ. ತಂದೆಯಾದವನು ‘ತಿಳಿಯದು’ ಎನ್ನುವಾಗ ತುಸು ಕುಗ್ಗುತ್ತಾನೆಂದು ನಾನು ಭಾವಿಸಿದ್ದೆ. ಹುಡುಗನ ಮುಖ ಅರಳಿತು.

ಊಟ ಮುಗಿಸಿ ಬಂದು ನೋಡುತ್ತೇನೆ, ಸ್ಕೆಚ್ ಪೆನ್ನು ಹಿಡಿದು ಗೊಂಬೆಯ ಬಾಲದ ತುಂಬ ನೀಲಿ ಪಟ್ಟೆ ಎಳೆಯುತ್ತಿದ್ದಾನೆ. ಕೊಟ್ಟ ಹಣ ನೆನಪಾಗಿ ಗದರಲು ಬಾಯಿ ತೆರೆದೆ. “ಬಣ್ಣ ಗೊತ್ತಿಲ್ಲ ಅಂತ ನೀವೇ ಹೇಳಿದಿರಲ್ಲ” ಎಂದ. ಬೆರಳುಗಳ ತಂಟೆಗೆ ಅವನು ಹೋಗಿರಲಿಲ್ಲ.