ಅಚೌರ್ಯವ್ರತವೂ ಅಭಿಮಾನಿಗಳ ಕಥೆಗಳೂ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಪಾಲಿಸಲು ಅತ್ಯಂತ ಸುಲಭವೆಂದು ಬಹುಮಂದಿ ಭಾವಿಸುತ್ತಾರೆ. ಅಹಿಂಸೆಯಲ್ಲಿ ಹೆಜ್ಜೆಹೆಜ್ಜೆಗೂ ಎಚ್ಚರ ಬೇಕು. ಸತ್ಯದಲ್ಲಿ ನಾಲಗೆ ಜಾರುವ ಭಯವುಂಟು. ಪರಿಗ್ರಹಪರಿಮಾಣದಲ್ಲಿ ಆಸೆಯೊಡನೆ ನಿತ್ಯವೂ ಹೋರಾಟ. ಕಳ್ಳತನವನ್ನಾದರೋ ಮರ್ಯಾದಸ್ಥರ ಮನೆಯಲ್ಲಿ ಯಾರು ಮಾಡುತ್ತಾರೆ? ಬಿದ್ದ ಒಡವೆಯನ್ನು ಒಡೆಯನಿಗೆ ಮುಟ್ಟಿಸುವ, ಅಂಗಡಿಯವನು ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಹಿಂತಿರುಗಿಸುವ ಕುಟುಂಬಗಳಲ್ಲಿ ಈ ವ್ರತವು ಹೇಗೂ ನಡೆಯುತ್ತಲೇ ಇದೆಯೆಂಬ ನೆಮ್ಮದಿಯು ಸಹಜ. ಆದರೆ ಆ ನೆಮ್ಮದಿಯೇ ಅತಿಚಾರಕ್ಕೆ ಬಾಗಿಲು ತೆರೆದೀತು. ಕೈ ಮುಟ್ಟಲಾಗದ ವಸ್ತುವನ್ನೂ ಮನಸ್ಸು ಅಪಹರಿಸಬಲ್ಲದು. ಅಂಥ ಅಪಹರಣಗಳಲ್ಲಿ ಒಂದು ಕೃತಿಚೌರ್ಯ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಹೊಸೂರು ರಸ್ತೆಯ ಸಿಂಗಸಂದ್ರದಲ್ಲಿ ಬಾಡಿಗೆಯ ಮನೆಯೊಂದು. ಅಲ್ಲಿ ಅಜ್ಜಿಯೊಡನೆ ವಾಸವಾಗಿರುವ ತರುಣಿಯೊಬ್ಬಳು ಎಲೆಕ್ಟ್ರಾನಿಕ್ ಸಿಟಿಯ ಕಛೇರಿಯಲ್ಲಿ ಉದ್ಯೋಗಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಸಂಚಾರ ಆರಂಭವಾದ ಮೇಲೆ ಸಿಂಗಸಂದ್ರದಲ್ಲಿ ಹತ್ತಿ ಮೂರನೆಯ ನಿಲ್ದಾಣದಲ್ಲಿ ಇಳಿಯುವುದು ಅವಳ ದಿನಚರಿ. ಅಷ್ಟಮಿ ಚತುರ್ದಶಿಗಳಲ್ಲಿ ಒಪ್ಪೊತ್ತು, ದಶಲಕ್ಷಣ ಪರ್ವದ ಹತ್ತು ದಿನವೂ ಏಕಾಶನ, ಸೂರ್ಯಾಸ್ತದ ಅನಂತರ ಆಹಾರವಿಲ್ಲ. ಕಛೇರಿಯ ಒಂದು ಕಾಗದವನ್ನೂ ಮನೆಗೆ ತಂದವಳಲ್ಲ. ಇಂಥವಳಿಗೆ ಕಥೆಗಳೆಂದರೆ ಪ್ರಾಣ. ಮೊಬೈಲಿನಲ್ಲಿ ಅಭಿಮಾನಿಗಳ ಕಥೆಗಳನ್ನು ಓದುವುದು, ತಾನೂ ಬರೆಯುವುದು ಅವಳ ಹವ್ಯಾಸ.

ಈ ಬಗೆಯ ಕಥೆಗಳ ಸ್ವರೂಪವನ್ನು ಹಿರಿಯ ಓದುಗರಿಗೆ ವಿವರಿಸುವುದು ಉಚಿತ. ಜನಪ್ರಿಯವಾದ ಕಾದಂಬರಿ, ಚಲನಚಿತ್ರ ಅಥವಾ ಧಾರಾವಾಹಿಯ ಪಾತ್ರಗಳನ್ನು ಪ್ರೀತಿಸುವ ಅಭಿಮಾನಿಗಳು ಅವೇ ಪಾತ್ರಗಳನ್ನಿಟ್ಟುಕೊಂಡು ಹೊಸ ಪ್ರಸಂಗಗಳನ್ನು ಹೆಣೆಯುತ್ತಾರೆ. ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳು 1967ರಲ್ಲಿಯೇ ಇಂಥ ಬರಹಗಳಿಗೆ ಕೈಪತ್ರಿಕೆಯೊಂದನ್ನು ಹೊರಡಿಸಿದ್ದರು. ಈ ಬಳಗಗಳಲ್ಲಿ ಒಂದು ಸಂಪ್ರದಾಯವುಂಟು: ಪಾತ್ರಗಳು ತನ್ನವಲ್ಲ, ಇಂಥವರವು ಎಂದು ಕಥೆಯ ತಲೆಯಲ್ಲಿಯೇ ಹೇಳಿಬಿಡುವುದು. ಬರೆದವರಿಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ತಮ್ಮ ಹೆಸರಿನ ಕೆಳಗೆ ಓದುಗರು ಬರೆಯುವ ನಾಲ್ಕು ಒಳ್ಳೆಯ ಮಾತುಗಳೇ ಸಂಭಾವನೆ.

ದೃಷ್ಟಾಂತದ ತರುಣಿಯು ಒಮ್ಮೆ ಅಪರಿಚಿತ ಲೇಖಕಿಯೊಬ್ಬಳು ಬರೆದ ಹನ್ನೊಂದು ಅಧ್ಯಾಯಗಳ ಕಥೆಯನ್ನು ಓದಿದಳು. ಧಾರಾವಾಹಿಯೊಂದರ ಅಕ್ಕತಂಗಿಯರು ರೋಗಿಯಾದ ತಾಯಿಯನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಕಥೆಯದು. ಓದಿದವರು ಕೆಲವೇ ಮಂದಿ. ತರುಣಿಯು ಅದನ್ನು ಪ್ರತಿಮಾಡಿಕೊಂಡು, ಅಕ್ಕತಂಗಿಯರ ಹೆಸರುಗಳನ್ನು ಬದಲಿಸಿ, ಊರನ್ನು ಸಿಂಗಸಂದ್ರವೆಂದು ಮಾಡಿ, ಆರಂಭ ಅಂತ್ಯಗಳಲ್ಲಿ ತನ್ನ ನಾಲ್ಕು ವಾಕ್ಯಗಳನ್ನು ಸೇರಿಸಿ, ತನ್ನ ಹೆಸರಿನಲ್ಲಿ ಪ್ರಕಟಿಸಿದಳು. ಮೆಚ್ಚುಗೆಯು ಮಳೆಯಂತೆ ಸುರಿಯಿತು. ದಶಲಕ್ಷಣದ ಮೂರನೆಯ ದಿನ, ಉತ್ತಮ ಆರ್ಜವದ ದಿನ, ಅವಳು ಅಜ್ಜಿಗೆ ಆ ಕಥೆಯನ್ನು ಓದಿ ಹೇಳಿದಳು. ತಾಯಿಗೆ ತುತ್ತು ಇಳಿಯದಾದಾಗ ಮಗಳು ಒದ್ದೆ ಬಟ್ಟೆಯಿಂದ ತುಟಿಯನ್ನು ಒರಸುವ ಸಂದರ್ಭದಲ್ಲಿ ಅಜ್ಜಿಯ ಕಣ್ಣು ತುಂಬಿತು. “ಇದೆಲ್ಲ ನಿನಗೆ ಹೇಗೆ ತಿಳಿಯಿತು, ಮಗು? ನಿಮ್ಮಮ್ಮ ಗಟ್ಟಿಯಾಗಿದ್ದಾಳಲ್ಲ” ಎಂದು ಅಜ್ಜಿಯು ಕೇಳಿದಳು. ಮೊಮ್ಮಗಳಿಗೆ ಉತ್ತರ ತೋಚಲಿಲ್ಲ.

ಉತ್ತರ ತೋಚದ ಆ ಗಳಿಗೆಯಿಂದಲೇ ಧರ್ಮವಿಚಾರವು ಪ್ರಾರಂಭವಾಗುತ್ತದೆ. ತಪ್ಪು ಎದುರಿಗೆ ಬಂದು ನಿಂತಾಗ ಮನಸ್ಸು ಮೊದಲು ಹುಡುಕುವುದು ಸಮಾಧಾನಗಳನ್ನು. ಆ ರಾತ್ರಿ ಅವಳಿಗೆ ಮೂರು ಸಮಾಧಾನಗಳು ಹೊಳೆದಾವು. ಅವು ಅವಳೊಬ್ಬಳವೇ ಅಲ್ಲವಾದುದರಿಂದ ಒಂದೊಂದನ್ನೂ ಪರೀಕ್ಷಿಸುವುದು ಯುಕ್ತ.

ಮೊದಲನೆಯದು: ಆ ಲೇಖಕಿಯೂ ಪಾತ್ರಗಳನ್ನು ಬೇರೆಯವರಿಂದಲೇ ತೆಗೆದುಕೊಂಡಿದ್ದಳು; ಎರವಲು ತಂದವಳಿಂದ ಎರವಲು ತಂದರೆ ದೋಷವೇನು? ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದಕ್ಕೆ ಸಮೀಪವಾದ ಶಂಕೆಯೊಂದನ್ನು ತಾವೇ ಎತ್ತಿ ಪರಿಹರಿಸಿದ್ದಾರೆ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಚೌರ್ಯವಾದರೆ, ಭಿಕ್ಷುವು ಊರಿನ ಬೀದಿಗಳಲ್ಲಿ ಸಂಚರಿಸುವುದೂ ಚೌರ್ಯವಾದೀತಲ್ಲ, ಬೀದಿಯನ್ನು ಅವನಿಗೆ ಯಾರೂ ದಾನಮಾಡಿಲ್ಲವಲ್ಲ ಎಂಬುದು ಶಂಕೆ. ಬೀದಿಯು ಸರ್ವರಿಗೂ ಬಿಟ್ಟದ್ದು, ಆದುದರಿಂದ ದೋಷವಿಲ್ಲ. ಮುಚ್ಚಿದ ಬಾಗಿಲು ಹಾಗೆ ಬಿಟ್ಟದ್ದಲ್ಲ, ಆದುದರಿಂದಲೇ ಭಿಕ್ಷುವು ಅದನ್ನು ಪ್ರವೇಶಿಸುವುದಿಲ್ಲ ಎಂಬುದು ಪರಿಹಾರ.

ಸಾಹಿತ್ಯದಲ್ಲಿಯೂ ಬೀದಿಗಳಿವೆ, ಬಾಗಿಲುಗಳಿವೆ. ಆದಿನಾಥನ ಚರಿತೆ, ರಾಮಕಥೆ, ಭಾರತಕಥೆ ಎಲ್ಲರೂ ನಡೆಯುವ ಬೀದಿಗಳು. ಜಿನಸೇನಾಚಾರ್ಯರ ಪೂರ್ವಪುರಾಣದ ದಾರಿಯಲ್ಲಿ ನಡೆದೇ ಪಂಪನು ಆದಿಪುರಾಣವನ್ನು ರಚಿಸಿದನು. ವಿಮಲಸೂರಿಯ ಪರಂಪರೆಯ ರಾಮಕಥೆಯನ್ನು ಹಿಡಿದ ನಾಗಚಂದ್ರನು ‘ಅಭಿನವಪಂಪ’ನೆಂಬ ಬಿರುದಿನಲ್ಲಿ ಹಿಂದಿನ ಕವಿಯ ಹೆಸರನ್ನೇ ಹೊತ್ತನು. ಇವರನ್ನು ಯಾರೂ ಕಳ್ಳರೆನ್ನಲಿಲ್ಲ. ಇಂದಿನ ಧಾರಾವಾಹಿಯ ಪಾತ್ರಗಳು ಅಷ್ಟು ತೆರೆದ ಬೀದಿಯಲ್ಲವೆಂಬುದು ದಿಟ. ಅವಕ್ಕೆ ಜೀವಂತ ಕರ್ತೃಗಳಿದ್ದಾರೆ. ಆದುದರಿಂದ ಅಭಿಮಾನಿಯ ಕಥೆಯನ್ನು ಬರೆಯುವವರೂ ತಮ್ಮನ್ನು ತಾವು ವಿಚಾರಿಸಿಕೊಳ್ಳಬೇಕು: ಮೂಲವನ್ನು ಹೇಳಿದ್ದೇವೆಯೆ, ಅದರಿಂದ ಹಣ ಮಾಡುತ್ತಿಲ್ಲವಷ್ಟೆ, ಮೂಲ ಕರ್ತೃವು ಬೇಡವೆಂದರೆ ನಿಲ್ಲಿಸಲು ಸಿದ್ಧರೆ? ಆದರೆ ಆ ಲೇಖಕಿಯು ಕಟ್ಟಿದ ವಾಕ್ಯಗಳು, ಒದ್ದೆ ಬಟ್ಟೆಯಿಂದ ತುಟಿ ಒರಸುವ ಆ ನೋವು, ಇವು ಯಾವ ಧಾರಾವಾಹಿಯಲ್ಲಿಯೂ ಇರಲಿಲ್ಲ. ಅವು ಅವಳ ಮನೆಯ ಒಳಕೋಣೆ. ಬೀದಿಯಲ್ಲಿ ಇಬ್ಬರೂ ನಡೆದರೆಂಬುದು ಒಬ್ಬರು ಇನ್ನೊಬ್ಬರ ಮನೆ ಹೊಗಲು ಕಾರಣವಾಗದು. ಲೋಕದ ಕಾನೂನೂ ಈ ಭೇದವನ್ನು ಬಲ್ಲದು. ಕಥಾವಸ್ತುವಿನ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಎಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಪಿತ್ತಿತು. 1957ರ ಕೃತಿಸ್ವಾಮ್ಯ ಕಾಯಿದೆಯು, ಹಕ್ಕನ್ನು ಮಾರಿದ ಮೇಲೆಯೂ ‘ಇದನ್ನು ಬರೆದವನು ನಾನು’ ಎನ್ನುವ ಅಧಿಕಾರವನ್ನು ಲೇಖಕನಿಗೆ ಉಳಿಸಿದೆ.

ಎರವಲಿನ ಅತ್ಯುಚ್ಚ ನಿದರ್ಶನವು ಜೈನ ಸಾಹಿತ್ಯದಲ್ಲಿಯೇ ಇದೆ. ಜಿನಸೇನಾಚಾರ್ಯರು ಪಾರ್ಶ್ವಾಭ್ಯುದಯದಲ್ಲಿ ಕಾಳಿದಾಸನ ಮೇಘದೂತದ ಸಾಲುಗಳನ್ನೆಲ್ಲ ತೆಗೆದುಕೊಂಡು, ಪದ್ಯಪದ್ಯದಲ್ಲಿಯೂ ಒಂದೋ ಎರಡೋ ಸಾಲುಗಳನ್ನು ಪೋಣಿಸಿ, ವಿರಹಿ ಯಕ್ಷನ ಶೃಂಗಾರವನ್ನು ಪಾರ್ಶ್ವನಾಥ ಸ್ವಾಮಿಯ ಉಪಸರ್ಗಜಯದ ಕಥೆಯಾಗಿ ಪರಿವರ್ತಿಸಿದರು. ಇನ್ನೊಬ್ಬನ ಕಾವ್ಯವನ್ನು ಇಷ್ಟು ಸಮಗ್ರವಾಗಿ ಎತ್ತಿಕೊಂಡವರು ವಿರಳ. ಆದರೆ ಕಾವ್ಯದ ಕೊನೆಯಲ್ಲಿ, ಇದು ಕಾಳಿದಾಸನ ಕಾವ್ಯವನ್ನು ಸುತ್ತುವರಿದು ರಚಿಸಿದ್ದೆಂದು ಅವರು ಬಾಯಿಬಿಟ್ಟು ಹೇಳಿದ್ದಾರೆ. ಅದೇ ಆಚಾರ್ಯರು ತಮ್ಮ ಗುರು ವೀರಸೇನರು 20,000 ಗ್ರಂಥಪ್ರಮಾಣಕ್ಕೆ ನಿಲ್ಲಿಸಿಹೋದ ಜಯಧವಲವನ್ನು ಮುಂದುವರಿಸಿ ಇನ್ನೂ 40,000ವನ್ನು ಬರೆದು ಕ್ರಿ.ಶ. 837ರಲ್ಲಿ ಮುಗಿಸಿದರು. ಅವರು ತೀರಿಕೊಂಡಾಗ ಅಪೂರ್ಣವಾಗಿ ಉಳಿದ ಪುರಾಣವನ್ನು ಶಿಷ್ಯ ಗುಣಭದ್ರರು ಪೂರ್ಣಗೊಳಿಸಿದರು. ಮೂರು ತಲೆಮಾರಿನ ಈ ಬರವಣಿಗೆಯಲ್ಲಿ ಯಾರ ಭಾಗ ಎಲ್ಲಿ ಮುಗಿಯಿತು, ಯಾರದು ಎಲ್ಲಿ ತೊಡಗಿತು ಎಂಬುದು ಇಂದಿಗೂ ತಿಳಿಯುತ್ತದೆ. ಅವರು ತೆಗೆದುಕೊಂಡದ್ದು ಅಪಾರ. ಮುಚ್ಚಿಟ್ಟದ್ದು ಏನೂ ಇಲ್ಲ.

ಎರಡನೆಯ ಸಮಾಧಾನ: ಮೂಲ ಲೇಖಕಿಯ ಕಥೆಯು ಇದ್ದಲ್ಲಿಯೇ ಇದೆ; ಅವಳು ಕಳೆದುಕೊಂಡದ್ದೇನು? ಕೊಟ್ಟಿಗೆಯ ಹಸುವನ್ನು ಕದ್ದರೆ ಗೂಟ ಬರಿದಾಗುತ್ತದೆ. ಕಥೆಯನ್ನು ಕದ್ದರೆ ಹಾಗೇನೂ ಕಾಣುವುದಿಲ್ಲ. ಇದಕ್ಕೆ ಎರಡು ಉತ್ತರಗಳಿವೆ. ಹಣವಿಲ್ಲದ ಬಳಗದಲ್ಲಿ ಹೆಸರೊಂದೇ ಪ್ರತಿಫಲ. ಆ ಮೆಚ್ಚುಗೆಯ ಮಾತುಗಳು ಯಾರಿಗೆ ಸಲ್ಲಬೇಕಾಗಿತ್ತೋ ಅವಳಿಗೆ ಸಲ್ಲಲಿಲ್ಲ. ದಾರಿಯಲ್ಲಿಯೇ ಬೇರೊಬ್ಬಳು ಅವನ್ನು ಕೈಚಾಚಿ ಪಡೆದಳು. ನಾಳೆ ಮೂಲ ಲೇಖಕಿಯೇ ತನ್ನ ಕಥೆಯನ್ನು ಹತ್ತು ಜನರ ಮುಂದಿಟ್ಟರೆ, ಕದ್ದವಳೆಂಬ ಆರೋಪವು ಅವಳ ತಲೆಗೇ ಬಂದೀತು. ಎರಡನೆಯ ಉತ್ತರವು ಇನ್ನೂ ಆಳವಾದದ್ದು. ಹೊರಗಿನ ವಸ್ತುವು ಕೈಗೆ ಬರಲಿ ಬಾರದಿರಲಿ, ಸಂಕ್ಲೇಶಪರಿಣಾಮದಿಂದ ಪ್ರವೃತ್ತಿಯು ನಡೆದಲ್ಲಿ ಚೌರ್ಯವಾಯಿತೆಂದು ಪೂಜ್ಯಪಾದರ ಅಭಿಪ್ರಾಯ. ಪಾತ್ರಗಳ ಹೆಸರನ್ನು ಬದಲಿಸಿದ ಬೆರಳುಗಳಿಗೆ ತಾವು ಮಾಡುತ್ತಿದ್ದುದು ಏನೆಂದು ತಿಳಿದಿತ್ತು. ಬಚ್ಚಿಡಬೇಕೆಂಬ ಬಯಕೆಯಿಲ್ಲದಿದ್ದರೆ ಬದಲಾವಣೆಯ ಅಗತ್ಯವೇನಿತ್ತು? ಕಳಪೆಯನ್ನು ಅಸಲಿನಂತೆ ತೋರಿಸಿ ಮಾರುವ ಪ್ರತಿರೂಪಕವ್ಯವಹಾರವನ್ನು ಅಚೌರ್ಯದ ಐದು ಅತಿಚಾರಗಳಲ್ಲಿ ಎಣಿಸಲಾಗಿದೆ. ಅನ್ಯರದನ್ನು ತನ್ನದೆಂದು ತೋರಿಸುವುದು ಅದಕ್ಕೆ ಒಡಹುಟ್ಟು.

ಅಲಂಕಾರಶಾಸ್ತ್ರಜ್ಞ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ ಅರ್ಥಹರಣಗಳನ್ನು ವಿಸ್ತಾರವಾಗಿ ವಿಂಗಡಿಸಿ, ಕದಿಯದ ಕವಿಯಿಲ್ಲವೆಂದೂ ಮರೆಮಾಚಬಲ್ಲವನೇ ನಿಂದೆಯಿಲ್ಲದೆ ಮೆರೆಯುವನೆಂದೂ ಲೋಕಾನುಭವದ ಮಾತನ್ನಾಡಿದ್ದಾನೆ. ಸಭೆಯಲ್ಲಿ ಗೆಲ್ಲುವ ಕವಿಗೆ ಅದು ಸಾಕಾದೀತು. ವ್ರತಧಾರಿಗೆ ಸಾಲದು. ಮರೆಮಾಚುವ ಜಾಣ್ಮೆಯು ಓದುಗರ ಕಣ್ಣನ್ನು ತಪ್ಪಿಸುತ್ತದೆಯೇ ಹೊರತು ಕರ್ಮದ ಆಸ್ರವವನ್ನು ತಡೆಯುವುದಿಲ್ಲ. ಮಾಯಾಕಷಾಯವು ಸೇರಿದಷ್ಟೂ ಬಂಧವು ಬಿಗಿಯಾಗುತ್ತದೆ.

ಮೂರನೆಯ ಸಮಾಧಾನ: ಕೆಲವೇ ಮಂದಿ ಓದಿದ್ದ ಒಳ್ಳೆಯ ಕಥೆಯು ತನ್ನಿಂದಾಗಿ ಸಾವಿರಾರು ಜನರನ್ನು ಮುಟ್ಟಿತಲ್ಲ? ಪ್ರತಿಮಾಡಿ ಹಂಚುವುದು ಪುಣ್ಯಕಾರ್ಯವೆಂಬುದನ್ನು ಶಾಸ್ತ್ರದಾನದ ಮಹಿಮೆಯನ್ನು ಬಲ್ಲವರು ಅಲ್ಲಗಳೆಯಲಾರರು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಮಲ್ಲಿಕಾದೇವಿಯು ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಮಹಾಬಂಧವನ್ನು ಬರೆಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳು. ಆದರೆ ಅತ್ತಿಮಬ್ಬೆಯ ಸಾವಿರ ಪ್ರತಿಗಳೂ ಪೊನ್ನನ ಕೃತಿಯಾಗಿಯೇ ಊರೂರಿಗೆ ಹೋದವು. ಪ್ರತಿಮಾಡಿದ ಕ್ರಿಯೆ ಒಂದೇ. ಹೆಸರನ್ನು ಉಳಿಸಿದಾಗ ದಾನ, ಅಳಿಸಿದಾಗ ಅದತ್ತಾದಾನ.

ಸತ್ಫಲದ ವಾದಕ್ಕೆ ಇನ್ನೂ ಕಠಿಣವಾದ ನಿದರ್ಶನವು ಮೂಡುಬಿದಿರೆಯದು. ಅಲ್ಲಿನ ಬಸದಿಯಲ್ಲಿ ಮಾತ್ರ ಉಳಿದಿದ್ದ ಧವಲ, ಜಯಧವಲಗಳ ತಾಳೆಗರಿಗಳನ್ನು ಪ್ರತಿಮಾಡುವ ಕಾರ್ಯವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು. ಆ ಕೆಲಸಕ್ಕೆ ನಿಯುಕ್ತರಾದ ಗಜಪತಿ ಉಪಾಧ್ಯಾಯರು, ತಮ್ಮ ಪತ್ನಿಯ ನೆರವಿನಿಂದ, ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿ ಹೊರಗೆ ಒಯ್ದರು. ಪ್ರತಿಕಾರ್ಯಕ್ಕೆ ಪ್ರೇರಕರಾಗಿದ್ದ ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ಅದನ್ನು ಒಪ್ಪಿಸಹೋದಾಗ ಅವರು ಅದು ನೀತಿಯಲ್ಲವೆಂದು ನಿರಾಕರಿಸಿದರು. ಕೊನೆಗೆ ಆ ಪ್ರತಿಯು ಸಹಾರನಪುರವನ್ನು ಸೇರಿತು. ಅದರಿಂದ ಹುಟ್ಟಿದ ಪ್ರತಿಗಳ ಆಧಾರದ ಮೇಲೆ ಡಾ. ಹೀರಾಲಾಲ ಜೈನರು 1939ರಲ್ಲಿ ಧವಲದ ಮೊದಲ ಸಂಪುಟವನ್ನು ಅಚ್ಚಿನಲ್ಲಿ ತಂದರು. ಶತಮಾನಗಳ ಕತ್ತಲೆಯಿಂದ ಸಿದ್ಧಾಂತವು ಬೆಳಕಿಗೆ ಬಂದುದು ಸಮಾಜದ ಭಾಗ್ಯವೇ ಸರಿ. ಆದರೂ ಹೀರಾಚಂದರ ನಿರಾಕರಣೆಯು ಮಸುಕಾಗುವುದಿಲ್ಲ. ಕದ್ದು ತಂದುದನ್ನು ಸ್ವೀಕರಿಸುವ ತದಾಹೃತಾದಾನವೂ ಅತಿಚಾರವೇ ಎಂಬುದನ್ನು ಅವರು ನಡೆದು ತೋರಿಸಿದರು. ಗ್ರಂಥದ ಮೇಲೆ ವೀರಸೇನಸ್ವಾಮಿಗಳ ಹೆಸರನ್ನು ಯಾರೂ ಮುಟ್ಟದಿದ್ದ ಆ ಪ್ರಸಂಗದಲ್ಲಿಯೇ ಇಷ್ಟು ಅಳುಕು ಇದ್ದರೆ, ಹೆಸರನ್ನೇ ಅಳಿಸಿದ ಪ್ರಸಂಗದಲ್ಲಿ ಎಷ್ಟಿರಬೇಕು! ಕದ್ದದ್ದೆಂದು ತಿಳಿದೂ ಹೊಗಳುವ, ಹಂಚುವ ಓದುಗರಿಗೂ ಈ ಮಾತು ಸಲ್ಲುತ್ತದೆ.

ಹಾಗೆಂದು ಮೂಲ ಲೇಖಕಿಯ ಪಾಲಿಗೆ ವ್ರತವು ಏನನ್ನೂ ಹೇಳುವುದಿಲ್ಲವೆಂದಲ್ಲ. ಅಚೌರ್ಯದ ಐದು ಭಾವನೆಗಳಲ್ಲಿ ಕೊನೆಯದು ಸಧರ್ಮಾವಿಸಂವಾದ, ಎಂದರೆ ಒಡನಾಡಿಗಳಲ್ಲಿ ನನ್ನದು ನಿನ್ನದೆಂದು ಕಲಹ ಹೂಡದಿರುವುದು. ತನ್ನದನ್ನು ತನ್ನದೆಂದು ತಿಳಿಸುವುದು ಸತ್ಯ. ತಪ್ಪಿದವಳನ್ನು ಹತ್ತು ಜನರನ್ನು ಕೂಡಿಸಿಕೊಂಡು ಹಂಗಿಸುವುದು ಮಾನಕಷಾಯ. ಈ ಬಳಗಗಳಲ್ಲಿ ಕೃತಿಚೌರ್ಯವು ಬಯಲಾದಾಗ ಬೈಗುಳವೇ ನ್ಯಾಯವೆಂಬಂತೆ ನಡೆಯುವುದುಂಟು. ಹಾಗೆ ನಡೆದರೆ ಒಂದು ದೋಷವು ಎರಡಾಗುತ್ತದೆ.

ಇನ್ನು ಸಿಂಗಸಂದ್ರದ ತರುಣಿಯು ಮಾಡಬೇಕಾದುದೇನು? ಉಪವಾಸವನ್ನು ಹೆಚ್ಚಿಸಿದರೆ ಸಾಕೆಂದು ಅವಳ ಮನಸ್ಸು ಹೇಳೀತು. ಏಕಾಶನದ ಬದಲು ನಿರಾಹಾರವಿದ್ದು ಒಳಗೊಳಗೇ ನೊಂದರೆ ಕಳೆಯಿತೆಂದು ಸಮಾಧಾನ ಹೇಳೀತು. ಆದರೆ ಅನ್ನವನ್ನು ಬಿಟ್ಟು ಕೀರ್ತಿಯನ್ನು ಉಣ್ಣುತ್ತಿರುವ ಉಪವಾಸವು ಪೂರ್ಣವೆನಿಸದು. ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಆಲೋಚನೆ, ದೋಷವನ್ನು ಇದ್ದಂತೆ ನಿವೇದಿಸುವುದು. ತನ್ನ ಹೆಸರಿನಲ್ಲಿರುವ ಕಥೆಯನ್ನು ಅವಳು ತೆಗೆಯಬೇಕು. ಸದ್ದಿಲ್ಲದೆ ತೆಗೆದರೆ ಸಾಲದು. ಅದು ಇಂಥವಳ ಕಥೆ, ತಾನು ಅದನ್ನು ತನ್ನದೆಂದೆ ಎಂದು, ಹೊಗಳಿದ ಓದುಗರಿಗೆಲ್ಲ ಕಾಣುವ ಸ್ಥಳದಲ್ಲಿಯೇ ತಿಳಿಸಿ, ಮೂಲ ಕಥೆಯತ್ತ ಅವರನ್ನು ಕಳುಹಿಸಬೇಕು. ದಶಲಕ್ಷಣ ಮುಗಿದ ಮೇಲಿನ ಕ್ಷಮಾವಣಿಯ ದಿನ, ಎಲ್ಲರಿಗೂ ಒಂದೇ ಒಕ್ಕಣೆಯ ಸಂದೇಶವನ್ನು ಕಳುಹಿಸುವ ಮೊದಲು, ಆ ಅಪರಿಚಿತ ಲೇಖಕಿಗೆ ತಪ್ಪಿನ ವಿವರದೊಡನೆ ಒಂದು ಪ್ರತ್ಯೇಕ ಪತ್ರವನ್ನು ಬರೆಯಬೇಕು. ಅವಳು ಕ್ಷಮಿಸಿಯಾಳು, ಕ್ಷಮಿಸದೆಯೂ ಇದ್ದಾಳು. ಅದು ಅವಳಿಗೆ ಸೇರಿದ್ದು.

ಉಳಿದದ್ದು ಒಂದು. ಅಜ್ಜಿಯ ಪ್ರಶ್ನೆಯು ಇನ್ನೂ ಉತ್ತರವಿಲ್ಲದೆ ನಿಂತಿದೆ. ಸಾವಿರ ಓದುಗರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಆ ಒಬ್ಬಳ ಮುಂದೆ ಒಪ್ಪಿಕೊಳ್ಳುವುದು ಕಷ್ಟವಾದೀತು. ಆದರೆ ಆರ್ಜವದ ದಿನ ಕೇಳಿದ ಪ್ರಶ್ನೆಗೆ ಆರ್ಜವದಿಂದಲೇ ಉತ್ತರ ಸಲ್ಲಬೇಕು: “ಅಜ್ಜೀ, ಇದನ್ನು ಬರೆದವಳು ನಾನಲ್ಲ. ತಾಯಿಯನ್ನು ಹಾಗೆ ನೋಡಿಕೊಂಡ ಬೇರೆ ಯಾರೋ ಬರೆದರು. ನಾನು ಅವಳ ಹೆಸರನ್ನು ಅಳಿಸಿದೆ.” ಅಷ್ಟನ್ನು ಹೇಳಿ ಮುಗಿಸಿದ ಮೇಲೆ ಅವಳು ಮರುದಿನದ ಏಕಾಶನಕ್ಕೆ ಕುಳಿತುಕೊಳ್ಳಬಹುದು.