ನಾಲ್ಕನೆಯ ಮಾತು

1940ರ ಮೇ 13. ವಿನ್‌ಸ್ಟನ್ ಚರ್ಚಿಲ್ ಬ್ರಿಟನ್ನಿನ ಪ್ರಧಾನಿಯಾಗಿ ಮೂರು ದಿನ ಕಳೆದಿತ್ತು. ಸಂಸತ್ತಿನಲ್ಲಿ ಎದ್ದುನಿಂತು, ದೇಶಕ್ಕೆ ಕೊಡಲು ತನ್ನ ಬಳಿ ಇರುವುದು ನಾಲ್ಕೇ ಎಂದರು: ರಕ್ತ, ದುಡಿಮೆ, ಕಣ್ಣೀರು, ಬೆವರು. ಆ ಭಾಷಣ ಜಗತ್ತಿನ ಬಾಯಲ್ಲಿ ಉಳಿಯಿತು, ಆದರೆ ಹೇಳಿದಂತೆಯೇ ಉಳಿಯಲಿಲ್ಲ. ಇವತ್ತು ಅದನ್ನು ನೆನೆಯುವವರಲ್ಲಿ ಬಹುಮಂದಿ ಹೇಳುವುದು ಮೂರನ್ನು ಮಾತ್ರ: ರಕ್ತ, ಬೆವರು, ಕಣ್ಣೀರು. ದುಡಿಮೆ ಬಿದ್ದುಹೋಗಿದೆ.

ಅದನ್ನು ಯಾರೂ ಬೇಕೆಂದು ತೆಗೆದುಹಾಕಿದ್ದಲ್ಲ. ಕಿವಿಗೆ ಮೂರು ಹಿತ, ನಾಲ್ಕು ಭಾರ. ಮೈಯಿಂದ ಹರಿಯುವ ಮೂರು ದ್ರವಗಳು ಒಟ್ಟಿಗೆ ಕೂಡುತ್ತವೆ. ದುಡಿಮೆ ಆ ಸಾಲಿಗೆ ಸೇರುವುದಿಲ್ಲ. ಹಾಗಾಗಿ ಲಕ್ಷಾಂತರ ಜನರ ನೆನಪು ಸೇರಿ ಒಂದು ಭಾಷಣವನ್ನು ತಿದ್ದಿತು. ಯುದ್ಧವನ್ನು ದಿನದಿನವೂ ನಡೆಸಿದ್ದು ಕಾರ್ಖಾನೆ, ಗಣಿ, ಹೊಲಗಳ ದುಡಿಮೆ ಎಂಬುದನ್ನು ನೆನೆದಾಗ, ಬಿದ್ದುಹೋದದ್ದು ಸಣ್ಣ ಪದವಲ್ಲ ಅನಿಸುತ್ತದೆ.

ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ ಇದೇ. ನೆನಪಿನಲ್ಲಿ ಉಳಿಯುವಂತೆ ಮಾತನ್ನು ಕಟ್ಟುವಾಗ ನಾವು ನಿಜವನ್ನು ಕಾಪಾಡುತ್ತೇವೋ, ಕತ್ತರಿಸುತ್ತೇವೋ?

ಪ್ರಶ್ನೆ ನನ್ನ ಪಾಲಿಗೆ ಬಂದದ್ದು ಉದ್ಯೋಗದ ದಾರಿಯಿಂದ. ಸಣ್ಣ ಊರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಮಕ್ಕಳನ್ನು ಚರ್ಚಾಸ್ಪರ್ಧೆಗಳಿಗೆ ತಯಾರು ಮಾಡುವುದು ನನ್ನ ಪಾಲಿನ ಕೆಲಸವಾಗಿತ್ತು. ಹೇಳಿಕೊಡುತ್ತಿದ್ದದ್ದು ಹಳೆಯ ವಿದ್ಯೆಯನ್ನೇ. ಮೂರು ಮೂರಾಗಿ ಹೇಳು. ಒಂದೇ ಪದದಿಂದ ಸಾಲುಗಳನ್ನು ಶುರುಮಾಡು. ಎದುರುಬದುರಾದ ಎರಡನ್ನು ಒಂದೇ ವಾಕ್ಯದಲ್ಲಿ ಕೂರಿಸು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಸಭೆಗೇ ಕೇಳು. ಚಪ್ಪಾಳೆ ಬೀಳುತ್ತಿತ್ತು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದಾಗ ತೀರ್ಮಾನವಾಗುತ್ತಿತ್ತು. ಒಂದು ಸಲ ಒಬ್ಬ ಹುಡುಗ ಬಹುಮಾನ ಹಿಡಿದುಕೊಂಡು ಬಂದು ಕೇಳಿದ: "ಸಾರ್, ಬೆಳಿಗ್ಗೆ ಪರವಾಗಿ ಮಾತಾಡಿದೆ, ಮಧ್ಯಾಹ್ನ ವಿರೋಧವಾಗಿ ಮಾತಾಡಿದೆ. ಎರಡಕ್ಕೂ ಅಷ್ಟೇ ಚಪ್ಪಾಳೆ. ಹಾಗಾದ್ರೆ ಯಾವುದು ನಿಜ ಸಾರ್?"

ಎರಡು ಸಾವಿರ ವರ್ಷಕ್ಕೂ ಹಿಂದೆ ಅಥೆನ್ಸಿನಲ್ಲಿ ಎದ್ದ ತಕರಾರು ಇದೇ ಎಂದು ಆ ಹುಡುಗನಿಗೆ ಗೊತ್ತಿರಲಿಲ್ಲ. ಕ್ರಿ.ಪೂ. 427ರಲ್ಲಿ ಸಿಸಿಲಿಯ ಲಿಯೊಂಟಿನಿ ಎಂಬ ಊರಿನ ರಾಯಭಾರಿಯಾಗಿ ಗೋರ್ಗಿಯಾಸ್ ಅಲ್ಲಿಗೆ ಬಂದಾಗ, ಅವನ ಸಮತೂಕದ, ಪ್ರಾಸಬದ್ಧ ಮಾತಿಗೆ ನಗರವೇ ಮರುಳಾಯಿತು. ಮುಂದೆ ಪ್ಲೇಟೊ ಅವನ ಹೆಸರಿನಲ್ಲೇ ಒಂದು ಸಂವಾದ ಬರೆದ. ಅದರಲ್ಲಿ ಸಾಕ್ರಟಿಸ್ ಭಾಷಣಕಲೆಯನ್ನು ಅಡುಗೆಗೆ ಹೋಲಿಸುತ್ತಾನೆ. ವೈದ್ಯ ಮೈಗೆ ಒಳ್ಳೆಯದನ್ನು ಕೊಡುತ್ತಾನೆ, ಅಡುಗೆಯವನು ನಾಲಗೆಗೆ ಹಿತವಾದುದನ್ನು ಕೊಡುತ್ತಾನೆ. ಮಕ್ಕಳ ಮುಂದೆ ಇಬ್ಬರನ್ನೂ ನಿಲ್ಲಿಸಿದರೆ ವೈದ್ಯ ಸೋಲುತ್ತಾನೆ. ಪ್ಲೇಟೊನ ಶಿಷ್ಯ ಅರಿಸ್ಟಾಟಲ್ ಇಷ್ಟು ಕಠಿಣನಲ್ಲ. ಸತ್ಯವೂ ಸರಿಯಾಗಿ ಮಾತಾಡಲು ಬಾರದೆ ಸೋಲಬಹುದು, ಆದ್ದರಿಂದ ಈ ಕಲೆ ಬೇಕು ಎಂದು ಅವನ ವಾದ. ಅವನೇ ಇನ್ನೊಂದು ಸೂಕ್ಷ್ಮವನ್ನೂ ಹೇಳಿದ್ದಾನೆ: ವಿರುದ್ಧಗಳನ್ನು ಪಕ್ಕಪಕ್ಕದಲ್ಲಿಟ್ಟ ವಾಕ್ಯ ನಮಗೆ ಇಷ್ಟವಾಗುವುದು, ಅದು ತರ್ಕದಂತೆ ಕಾಣುವುದರಿಂದ.

ಅರಿಸ್ಟಾಟಲ್ ಇದನ್ನು ಮೆಚ್ಚುಗೆಯಾಗಿ ಹೇಳಿದ. ನನಗೆ ಅದು ಎಚ್ಚರಿಕೆಯಂತೆ ಕೇಳುತ್ತದೆ. ತರ್ಕದಂತೆ ಕಾಣುವುದು ತರ್ಕವಾಗಿರಬೇಕಿಲ್ಲ.

2000ನೇ ಇಸವಿಯಲ್ಲಿ ಮ್ಯಾಥ್ಯೂ ಮ್ಯಾಕ್‌ಗ್ಲೋನ್ ಮತ್ತು ಜೆಸ್ಸಿಕಾ ತೊಫಿಘ್‌ಬಖ್ಶ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದಿದೆ. ಜನರಿಗೆ ಹೆಚ್ಚು ಪರಿಚಯವಿಲ್ಲದ ಇಂಗ್ಲಿಷ್ ಗಾದೆಗಳನ್ನು ಎರಡು ರೂಪದಲ್ಲಿ ತೋರಿಸಿದರು. ಒಂದರಲ್ಲಿ ಪ್ರಾಸವಿತ್ತು, ಇನ್ನೊಂದರಲ್ಲಿ ಅದೇ ಅರ್ಥದ ಬೇರೆ ಪದ ಹಾಕಿ ಪ್ರಾಸ ಕೆಡಿಸಿದ್ದರು. ಅರ್ಥ ಒಂದೇ ಆದರೂ ಪ್ರಾಸವಿದ್ದುದನ್ನೇ ಜನ ಹೆಚ್ಚು ನಿಜವೆಂದು ಎಣಿಸಿದರು. ಮಾತಿನ ಸೊಗಸನ್ನೂ ಅದರ ಹುರುಳನ್ನೂ ಬೇರೆಬೇರೆಯಾಗಿ ನೋಡಿ ಎಂದು ಮೊದಲೇ ಎಚ್ಚರಿಸಿದಾಗ ಆ ವ್ಯತ್ಯಾಸ ತಗ್ಗಿತು.

ಇದನ್ನು ನಮ್ಮ ಮನೆಯಲ್ಲೇ ಮಾಡಿ ನೋಡಬಹುದು. 'ತಾಳಿದವನು ಬಾಳಿಯಾನು' ಎನ್ನುತ್ತೇವೆ. ಎರಡನೆಯ ಅಕ್ಷರಕ್ಕೆ ಎರಡನೆಯ ಅಕ್ಷರ ಕೂಡಿದೆ; ಇದು ಹಳಗನ್ನಡದ ಕವಿಗಳು ಸಾವಿರ ವರ್ಷ ಬಿಡದೆ ಪಾಲಿಸಿದ ಪ್ರಾಸ, ನಮ್ಮ ಕಿವಿಗೆ ಅಷ್ಟು ಹಳೆಯ ರೂಢಿ. ಈಗ ಅದನ್ನೇ 'ಸಹಿಸಿಕೊಂಡವನು ಬದುಕಿಯಾನು' ಎಂದು ಹೇಳಿ. ತಕ್ಷಣ ಮನಸ್ಸು ಎದುರು ಮಾತಾಡುತ್ತದೆ: ಎಲ್ಲಿಯವರೆಗೆ ಸಹಿಸಬೇಕು? ಏನನ್ನು? ಸಹಿಸಿಯೇ ಸತ್ತವರ ಗತಿ? ಪೆಟ್ಟು ತಿಂದು ತವರಿಗೆ ಬಂದ ಎಷ್ಟೋ ಹೆಣ್ಣುಮಕ್ಕಳನ್ನು ಈ ಒಂದು ಗಾದೆ ಮತ್ತೆ ಅದೇ ಬಸ್ಸು ಹತ್ತಿಸಿ ಕಳಿಸಿದೆ. ಹೇಳಿದವರು ಕೆಟ್ಟವರಲ್ಲ. ಅವರ ಬಳಿ ಕಾರಣವಿರಲಿಲ್ಲ. ಪ್ರಾಸವಿತ್ತು, ಅದೇ ಸಾಕಾಯಿತು.

'ಕೈ ಕೆಸರಾದರೆ ಬಾಯಿ ಮೊಸರು' ಕೂಡ ಹಾಗೆಯೇ. ಕೆಸರು ಮೊಸರುಗಳ ಪ್ರಾಸ ಎಷ್ಟು ಗಟ್ಟಿಯೆಂದರೆ, ಕೆಸರಾದ ಕೈಯೂ ಮೊಸರುಂಡ ಬಾಯಿಯೂ ಒಬ್ಬನದೇ ಎಂದು ನಾವು ಒಪ್ಪಿಬಿಡುತ್ತೇವೆ. ಗದ್ದೆ ಯಾರದು, ಗೇಯುವವರು ಯಾರು, ಉಣ್ಣುವವರು ಯಾರು ಎಂಬ ಲೆಕ್ಕ ಆ ಗಾದೆಯೊಳಗೆ ಬರುವುದೇ ಇಲ್ಲ.

ಹಾಗಾದರೆ ಅಲಂಕಾರವನ್ನೇ ಬಿಟ್ಟು ಸಪ್ಪೆಯಾಗಿ ಮಾತಾಡಬೇಕೆ? ಅದನ್ನು ನಾನು ಒಪ್ಪಲಾರೆ. ಅಕ್ಷರ ಯಾರ ಕೈಯಲ್ಲಿರಲಿಲ್ಲವೋ ಅವರಿಗೆ ನೆನಪೇ ಪುಸ್ತಕ, ಮಾತಿನ ಕಟ್ಟೇ ಅದರ ಹೊಲಿಗೆ. ಬಸವಣ್ಣನವರ ಏಳು 'ಬೇಡ'ಗಳ ವಚನ ಓದು ಬಾರದ ಅಜ್ಜಿಯರಿಗೂ ಬಾಯಿಪಾಠವಿರುವುದು ಆ ಪದ ಮತ್ತೆ ಮತ್ತೆ ಬಂದು ಕೈಹಿಡಿದು ನಡೆಸುವುದರಿಂದ. ಅಲ್ಲಿ ಇರುವುದು ಮೂರಲ್ಲ, ಏಳು, ಒಂದೂ ಬಿದ್ದುಹೋಗಿಲ್ಲ. ಮಾತಿನ ಕಟ್ಟು ಯಾವಾಗಲೂ ಕತ್ತರಿಸುವುದಿಲ್ಲ, ಹೊರಲೂಬಲ್ಲದು.

'ಭಾಷಣಕಲೆ ಒಂದು ಚಾಕು, ಹಣ್ಣನ್ನೂ ಹೆಚ್ಚಬಹುದು, ಕೊರಳನ್ನೂ ಕೊಯ್ಯಬಹುದು' ಎಂದು ಹೇಳಿ ಮುಗಿಸುವವರಿದ್ದಾರೆ. ಇದಕ್ಕೆ ಪುರಾವೆಯೂ ಇದೆ. 1943ರ ಫೆಬ್ರವರಿ 18ರಂದು, ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನಿ ಸೋತ ಕೆಲವೇ ದಿನಗಳ ಮೇಲೆ, ಗೋಬೆಲ್ಸ್ ಬರ್ಲಿನ್ನಿನ ಕ್ರೀಡಾಭವನದಲ್ಲಿ ಆಯ್ದು ಕರೆಸಿದ ಸಭಿಕರಿಗೆ ಒಂದರ ಮೇಲೊಂದು ಹತ್ತು ಪ್ರಶ್ನೆ ಕೇಳಿದ. ಪ್ರತಿಯೊಂದಕ್ಕೂ ಸಭೆ ಹೌದೆಂದು ಕೂಗಿತು. ಸರ್ವಸ್ವವನ್ನೂ ಯುದ್ಧಕ್ಕೆ ಸುರಿಯಲು ಒಪ್ಪಿಗೆ ಹೀಗೆ ಸಿಕ್ಕಿತು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಜನರ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಕೂಡ ಪುನರಾವರ್ತನೆಯನ್ನೇ ನೆಚ್ಚಿದರು. ಉಪಕರಣ ಒಂದೇ, ಒಂದು ವಿನಾಶಕ್ಕೆ, ಇನ್ನೊಂದು ಬಿಡುಗಡೆಗೆ.

ಆದರೂ ಚಾಕುವಿನ ಹೋಲಿಕೆ ನನಗೆ ಸಾಲದು. ಚಾಕುವಿಗೆ ತನ್ನದೇ ಆದ ಆಸೆ ಇಲ್ಲ. ಮಾತಿನ ಕಟ್ಟಿಗೆ ಇದೆ. ಅದು ಸಮತೂಕವನ್ನು ಬಯಸುತ್ತದೆ, ಮೂರನ್ನು ಬಯಸುತ್ತದೆ, ತನಗೆ ಒಗ್ಗದ್ದನ್ನು ಹೊರಗಿಡುತ್ತದೆ. ಒಳ್ಳೆಯವರ ಬಾಯಲ್ಲೂ ಅದು ಹಾಗೆಯೇ ನಡೆದುಕೊಳ್ಳುತ್ತದೆ.

ಕಿಂಗ್ ಅವರ ಭಾಷಣವನ್ನೇ ನೋಡಿ. ಆ ದಿನದ ನಡಿಗೆಯ ಪೂರ್ತಿ ಹೆಸರಿನಲ್ಲಿ ಸ್ವಾತಂತ್ರ್ಯಕ್ಕಿಂತ ಮೊದಲು ಉದ್ಯೋಗ ಬರುತ್ತದೆ. ಗಂಟೆಗೆ ಕನಿಷ್ಠ ಎರಡು ಡಾಲರ್ ಕೂಲಿ ಎಂಬುದು ಅದರ ಬೇಡಿಕೆಗಳಲ್ಲೊಂದು. ಭಾಷಣದ ಮೊದಲ ಭಾಗದಲ್ಲಿ ಕಿಂಗ್ ಲೇವಾದೇವಿಯ ಭಾಷೆಯಲ್ಲೇ ಮಾತಾಡಿದರು: ಅಮೆರಿಕ ತನ್ನ ಕಪ್ಪು ಪ್ರಜೆಗಳಿಗೆ ಕೊಟ್ಟ ಚೆಕ್ಕು ಹಣವಿಲ್ಲವೆಂದು ವಾಪಸಾಗಿದೆ, ಅದನ್ನು ನಗದು ಮಾಡಿಸಿಕೊಳ್ಳಲು ಬಂದಿದ್ದೇವೆ ಎಂದರು. ಕನಸಿನ ಮಾತು ಬರೆದು ತಂದ ಪ್ರತಿಯಲ್ಲಿ ಇರಲಿಲ್ಲ. ಗಾಯಕಿ ಮಹೇಲಿಯಾ ಜಾಕ್ಸನ್ ಕನಸಿನ ಬಗ್ಗೆ ಹೇಳಿ ಎಂದು ಹತ್ತಿರದಿಂದ ಕೂಗಿದರೆಂದು ಅಲ್ಲಿದ್ದವರು ನೆನೆದಿದ್ದಾರೆ. ಕಿಂಗ್ ಕಾಗದ ಬಿಟ್ಟು ಮಾತಾಡಿದರು. ಆ ಪುನರಾವರ್ತನೆ ಅದ್ಭುತವಾಗಿತ್ತು. ಅದ್ಭುತವಾಗಿದ್ದುದರಿಂದಲೇ ಮುಂದಿನ ತಲೆಮಾರುಗಳು ಕನಸನ್ನು ಇಟ್ಟುಕೊಂಡು ಚೆಕ್ಕನ್ನು ಮರೆತವು. ಕನಸಿಗೆ ಪ್ರತಿವರ್ಷ ಹೂವಿಡುವುದು ಸುಲಭ. ಸಾಲ ತೀರಿಸುವುದು ಕಷ್ಟ. ಇಲ್ಲಿಯೂ ಬಿದ್ದುಹೋದದ್ದು ದುಡಿಮೆಯೇ ಎಂಬುದನ್ನು ಗಮನಿಸಿ.

ಹಾಗಾದರೆ ಒಳ್ಳೆಯ ಕಟ್ಟನ್ನು ಗುರುತಿಸುವುದು ಹೇಗೆ? ನನಗೆ ತಿಳಿದ ಒಂದು ಪರೀಕ್ಷೆ ಇದೆ. ವಾಕ್ಯವನ್ನು ಬಿಚ್ಚಿ ನೋಡುವುದು. ಬಿಚ್ಚಿದ ಮೇಲೂ ಅದರೊಳಗಿನ ವೈರುಧ್ಯ ಲೋಕದಲ್ಲಿ ಉಳಿದಿದೆಯೇ, ಅಥವಾ ವಾಕ್ಯದೊಂದಿಗೇ ಕರಗಿತೇ?

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹೇಳಿದ ಮಾತು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಬರುವ ಜನವರಿ 26ರಂದು ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತೇವೆ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂದರು. ಎರಡು ತಟ್ಟೆಯ ವಾಕ್ಯವೇ ಅದು. ಆದರೆ ಅದನ್ನು ಎಷ್ಟೇ ಸಪ್ಪೆಯಾಗಿ ಬಿಡಿಸಿ ಹೇಳಿದರೂ ಸಂಗತಿ ಹಾಗೆಯೇ ನಿಲ್ಲುತ್ತದೆ: ಮತ ಎಲ್ಲರಿಗೂ ಒಂದು, ಊರ ಬಾವಿ ಎಲ್ಲರಿಗೂ ಒಂದಲ್ಲ. ವೈರುಧ್ಯ ಲೋಕದಲ್ಲೇ ಇತ್ತು, ವಾಕ್ಯ ಅದಕ್ಕೆ ಕನ್ನಡಿ ಹಿಡಿಯಿತು. ಸಮತೂಕದ ಸುಖದಲ್ಲಿ ಕೇಳುಗರನ್ನು ಬಿಟ್ಟುಬಿಡಲೂ ಇಲ್ಲ. ಇದನ್ನು ಬೇಗ ನಿವಾರಿಸದಿದ್ದರೆ ನೊಂದವರು ಈ ಸಭೆ ಕಟ್ಟಿದ ಸೌಧವನ್ನೇ ಸಿಡಿಸಿಯಾರು ಎಂದು ಎಚ್ಚರಿಸಿದರು.

1971ರ ಚುನಾವಣೆಯ ಘೋಷಣೆಯನ್ನು ಇದರ ಪಕ್ಕದಲ್ಲಿಡಿ. ಅವರು ಇಂದಿರಾರನ್ನು ತೆಗೆಯಿರಿ ಎನ್ನುತ್ತಾರೆ, ನಾನು ಬಡತನವನ್ನು ತೆಗೆಯಿರಿ ಎನ್ನುತ್ತೇನೆ ಎಂಬುದು ಅದರ ಹುರುಳು. ಕೇಳಲು ಎಂಥ ಬಲ! ಬಿಚ್ಚಿ ನೋಡಿದರೆ, ಒಬ್ಬ ವ್ಯಕ್ತಿಯನ್ನು ಕುರ್ಚಿಯಿಂದ ಇಳಿಸುವುದೂ ಬಡತನವನ್ನು ನೀಗುವುದೂ ಒಂದೇ ಬಗೆಯ ಕೆಲಸಗಳಲ್ಲ. ಒಂದೇ ಕ್ರಿಯಾಪದ ಎರಡನ್ನೂ ಸಮ ಮಾಡಿತು. ಹೇಗೆ, ಎಷ್ಟು ಕಾಲದಲ್ಲಿ ಎಂಬುದಕ್ಕೆ ಆ ವಾಕ್ಯದಲ್ಲಿ ಜಾಗವೇ ಇರಲಿಲ್ಲ. ನೆಹರೂ ಅವರು 1947ರ ಆಗಸ್ಟ್ 14ರ ರಾತ್ರಿ, ಜಗತ್ತು ಮಲಗಿರುವಾಗ ಭಾರತ ಎಚ್ಚರಗೊಳ್ಳುತ್ತದೆ ಎಂದದ್ದೂ ಬಿಚ್ಚಿದರೆ ನಿಲ್ಲುವುದಿಲ್ಲ; ಆಗ ಲಂಡನ್ನಿನಲ್ಲಿ ಸಂಜೆ, ನ್ಯೂಯಾರ್ಕಿನಲ್ಲಿ ಮಧ್ಯಾಹ್ನ. ಆದರೆ ಆ ಮಾತನ್ನು ನಂಬಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಆದ್ದರಿಂದ ಎರಡನೆಯ ಪ್ರಶ್ನೆಯೂ ಬೇಕು: ಹೊರಗುಳಿದದ್ದರಿಂದ ನಷ್ಟ ಯಾರಿಗೆ?

ಹೆಣ್ಣುಮಕ್ಕಳು ಓದು ಬಿಡುವ ವಿಷಯದ ಮೇಲೆ ಮಾತಾಡಲು ತಯಾರಾಗುತ್ತಿದ್ದ ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳಿಗೆ ನಾನು ಹೇಳಿದ್ದು ಇಷ್ಟನ್ನೇ. ಬಡತನ ಬಿಡಿಸಿತು, ಮದುವೆ ಬಿಡಿಸಿತು, ಮನೆಗೆಲಸ ಬಿಡಿಸಿತು ಎಂದು ಆಕೆ ಚೆನ್ನಾಗಿಯೇ ಕಟ್ಟಿಕೊಂಡಿದ್ದಳು. ನಾಲ್ಕನೆಯದೊಂದು ಉಳಿದಿತ್ತು. "ಸಾರ್, ಬಸ್ಸಿಂದು ಎಲ್ಲಿ ಹಾಕ್ಲಿ? ಅದು ಕೂರ್ತಾ ಇಲ್ಲ" ಎಂದಳು. ಕೂರಿಸಬೇಡ, ನಿಂತಿರಲಿ ಬಿಡು ಎಂದೆ. ಸ್ಪರ್ಧೆಯ ದಿನ ಮೂರನ್ನೂ ಹೇಳಿ, ಸ್ವಲ್ಪ ತಡೆದು, ಯಾವ ಏರಿಳಿತವೂ ಇಲ್ಲದೆ ಹೇಳಿದಳು: "ಸಂಜೆ ಐದೂವರೆ ಮೇಲೆ ನಮ್ಮೂರಿಗೆ ಬಸ್ಸಿಲ್ಲ." ಚಪ್ಪಾಳೆ ಬೀಳಲಿಲ್ಲ. ತೀರ್ಪುಗಾರರಲ್ಲೊಬ್ಬರು ಯಾವ ಊರಮ್ಮಾ ಎಂದು ಕೇಳಿದರು. ಬಡತನ, ಮದುವೆ, ಮನೆಗೆಲಸಗಳ ಮುಂದೆ ಎಲ್ಲರೂ ನಿಟ್ಟುಸಿರಿಟ್ಟು ಸುಮ್ಮನಾಗಬಹುದು. ಬಸ್ಸಿಗೆ ಮಾತ್ರ ಒಂದು ಅರ್ಜಿ ಬರೆಯಬಹುದು, ಒಬ್ಬ ಅಧಿಕಾರಿಯನ್ನು ಕೇಳಬಹುದು.

ಪರವೋ ವಿರೋಧವೋ ಎಂದು ಕೇಳಿದ ಹುಡುಗನಿಗೂ ನನ್ನ ಉತ್ತರ ಇದೇ. ಚಪ್ಪಾಳೆ ಹೇಳುವುದು ಮಾತು ಕೂತಿತೆಂದು ಮಾತ್ರ. ನಿಜ ಯಾವುದೆಂದು ತಿಳಿಯಲು ಕೂರದೆ ಉಳಿದದ್ದನ್ನು ಹುಡುಕಬೇಕು. ಆ ಕೆಲಸ ಮಾತಾಡುವವರದು ಮಾತ್ರವಲ್ಲ, ಕೇಳುವ ನಮ್ಮದೂ ಹೌದು. ಚರ್ಚಿಲ್ ದುಡಿಮೆಯನ್ನು ಹೇಳಿಯೇ ಇದ್ದರು, ಕಿಂಗ್ ಚೆಕ್ಕಿನ ಮಾತನ್ನು ಹೇಳಿಯೇ ಇದ್ದರು. ಕೈಬಿಟ್ಟವರು ಕೇಳಿದವರು. ಒಂದು ಭಾಷಣ ಮನಸ್ಸಿಗೆ ಹಿಡಿಸಿದಾಗ ಚಪ್ಪಾಳೆ ತಟ್ಟೋಣ, ಅದರಲ್ಲಿ ತಪ್ಪಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅದರ ನಾಲ್ಕನೆಯ ಮಾತು ಯಾವುದಿತ್ತು ಎಂದು ನೆನಪು ಮಾಡಿಕೊಂಡರೆ ಸಾಕು.