ಒಂದು ಸಲ ಬಂದು ಹೋದ ಮೇಲೆ

ಅರಳಗುಪ್ಪೆಯ ಸುತ್ತಿನ ತೋಟದ ಮನೆಗಳಲ್ಲಿ ಕೊರೊನಾ ಲಸಿಕೆಯ ಮಾತು ಎತ್ತಿದರೆ ಬರುತ್ತಿದ್ದ ಉತ್ತರ ಒಂದಿತ್ತು: "ನಂಗೆ ಒಂದ್ಸಲ ಬಂದ್ ಹೋಗೈತೆ, ಇನ್ಯಾಕೆ ಸೂಜಿ?"

ತಿಳಿಯದವರ ಮಾತೆಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇದರ ಹಿಂದೆ ತಲೆಮಾರುಗಳ ಅನುಭವವಿದೆ. ಸಿಡುಬನ್ನು ಅಮ್ಮ ಎಂದು ಕರೆದು, ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಮಾರಮ್ಮನಿಗೆ ಹರಕೆ ಹೊತ್ತ ಹಿರಿಯರು ಒಂದು ಸತ್ಯವನ್ನು ಕಣ್ಣಾರೆ ಕಂಡಿದ್ದರು. ಅಮ್ಮ ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದು ಬಲು ಅಪರೂಪ. ಮುಖದ ತುಂಬ ಕಲೆ ಉಳಿದವರು ಹೆದರದೆ ರೋಗಿಯ ಆರೈಕೆಗೆ ಕೂರಬಹುದಿತ್ತು. 1975ರಲ್ಲಿ ಸಿಡುಬು ನಮ್ಮ ದೇಶ ಬಿಟ್ಟಿತು. ಅದು ಕಲಿಸಿದ ಪಾಠ ಉಳಿಯಿತು.

ದಡಾರಕ್ಕೂ ಆ ಪಾಠ ಸಲ್ಲುತ್ತದೆ. 1846ರಲ್ಲಿ ಫಾರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ, 1781ರ ದಡಾರವನ್ನು ಅನುಭವಿಸಿದ್ದ ಮುದುಕರಿಗೆ ಅದು ತಗಲಲಿಲ್ಲವೆಂದು ಪಾನುಮ್ ಎಂಬ ಡೇನಿಷ್ ವೈದ್ಯ ಬರೆದಿಟ್ಟ. ಹಾಗಿದ್ದೂ 2017ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕುವಾಗ, ಮೊದಲೇ ದಡಾರ ಎದ್ದಿದ್ದ ಮಕ್ಕಳನ್ನೂ ಬಿಡಲಿಲ್ಲ. ಮೈಮೇಲೆ ಎದ್ದ ಗುಳ್ಳೆಯೆಲ್ಲ ದಡಾರವೇ ಆಗಿರಬೇಕಿಲ್ಲ. ರುಬೆಲ್ಲಾ ಬೇರೆಯೇ ರೋಗ. ಇರುವ ಶಕ್ತಿಯ ಮೇಲೆ ಇನ್ನೊಂದು ಲಸಿಕೆ ಬಿದ್ದರೆ ಕೇಡೂ ಇಲ್ಲ.

ಧನುರ್ವಾಯುವಿನ ದಾರಿ ಬೇರೆ. ಅದರ ವಿಷ ಎಷ್ಟು ಕಡುವೆಂದರೆ, ಪ್ರಾಣ ತೆಗೆಯಲು ಸಾಕಾಗುವಷ್ಟು ವಿಷವೂ ಮೈಗೆ ಪಾಠ ಕಲಿಸಲು ಸಾಲದು. ಅದರಿಂದ ಬದುಕಿ ಎದ್ದವರಿಗೂ ಲಸಿಕೆ ಹಾಕಲೇಬೇಕು. ದಿನವೂ ಮಚ್ಚು, ಸಲಾಕೆ, ತಿಪ್ಪೆಗೊಬ್ಬರದ ನಡುವೆ ಕೈಯಾಡಿಸುವ ನಮ್ಮ ಸೀಮೆಯವರು ಇದನ್ನು ಮರೆಯುವಂತಿಲ್ಲ.

ಕೊರೊನಾ ಈ ಎರಡು ದಾರಿಗಳ ನಡುವಿನದು. ಬಂದು ಹೋದವರಿಗೆ ರಕ್ಷಣೆ ಸಿಕ್ಕದ್ದು ನಿಜ. ಅದನ್ನು ಅಲ್ಲಗಳೆದು ಉಪದೇಶ ಮಾಡಿದವರು ಜನರ ನಂಬಿಕೆಯನ್ನೇ ಕಳೆದುಕೊಂಡರು. ಕೇಂದ್ರ ಸರ್ಕಾರ ಕೂಡ 2021ರ ಮೇ ತಿಂಗಳಲ್ಲಿ, ಗುಣವಾದವರು ಮೂರು ತಿಂಗಳು ತಡೆದು ಲಸಿಕೆ ಹಾಕಿಸಿಕೊಳ್ಳಲಿ ಎಂದಿತು. ಆದರೆ ಆ ರಕ್ಷಣೆ ಎಲ್ಲರಲ್ಲೂ ಒಂದೇ ಅಳತೆಯದಾಗಿರಲಿಲ್ಲ, ತಿಂಗಳು ಕಳೆದಂತೆ ಇಳಿಯುತ್ತಲೂ ಇತ್ತು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂಬುದು ಅಲ್ಲಾಡಿಸಿ ಕಿವಿಗಿಟ್ಟರೆ ತಿಳಿಯುತ್ತದೆ. ಮೈಯೊಳಗಿನ ಕಾವಲು ಎಷ್ಟಿದೆ ಎಂಬುದು ಹಾಗೆ ತಿಳಿಯುವುದಿಲ್ಲ. ಇತ್ತ ವೈರಾಣುವೂ ಬದಲಾಗುತ್ತ ಹೋಯಿತು. 2021ರ ಡಿಸೆಂಬರಿನಲ್ಲಿ ದೇಶದ ಮೊದಲ ಓಮಿಕ್ರಾನ್ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಪತ್ತೆಯಾದವು. ಮೊದಲೊಮ್ಮೆ ಸೋಂಕು ತಗಲಿದ್ದ ಎಷ್ಟೋ ಜನರನ್ನು ಅದು ಮತ್ತೆ ಹಿಡಿಯಿತು. ಸೋಂಕಿನ ಜೊತೆಗೆ ಲಸಿಕೆಯೂ ಆದವರ ರಕ್ಷಣೆ, ಎರಡರಲ್ಲಿ ಒಂದೇ ಆದವರಿಗಿಂತ ಗಟ್ಟಿಯಾಗಿತ್ತೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿಕೊಟ್ಟವು.

ಇನ್ನೊಂದನ್ನೂ ನೆನೆಯಬೇಕು. "ಬಂದು ಹೋಯಿತು" ಎನ್ನುತ್ತಿರುವವರು ಉಳಿದುಕೊಂಡವರು. ಎರಡನೇ ಅಲೆಯಲ್ಲಿ ಹೋದವರ ಮಾತು ಈ ಲೆಕ್ಕಕ್ಕೆ ಬರುವುದಿಲ್ಲ. ರೋಗ ಕೊಡುವ ರಕ್ಷಣೆಗೆ ತೆರಬೇಕಾದ ಬೆಲೆ ಎಷ್ಟೆಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ಆರೋಗ್ಯವಾಗಿರುವ ಹರೆಯದವರು ಒಮ್ಮೆ ಸೋಂಕು ಕಂಡು ಲಸಿಕೆಯನ್ನೂ ಪಡೆದಿದ್ದರೆ ಇಂದು ಮತ್ತೆ ಮತ್ತೆ ಸೂಜಿಗಾಗಿ ಆತಂಕ ಪಡಬೇಕಿಲ್ಲ. ಆದರೆ ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಉಬ್ಬಸದವರು ಇದ್ದರೆ "ಬಂದು ಹೋಗಿದೆ" ಎಂದು ಸುಮ್ಮನಾಗದೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಲಸಿಕೆಯ ವಿಷಯ ಕೇಳಿ. ಹಾಗೆಯೇ ನಿಮ್ಮ ಧನುರ್ವಾಯು ಚುಚ್ಚುಮದ್ದಿಗೆ ಹತ್ತು ವರ್ಷ ದಾಟಿತೇ ಎಂಬುದನ್ನೂ ನೋಡಿಕೊಳ್ಳಿ.